ನಾನು ಹಾಕದೆ ಬಿಟ್ಟ ಕೀಲಿ

ನನ್ನ ಮೊಮ್ಮಗಳಿಗೆ ಮೂರು ತುಂಬಿ ನಾಲ್ಕು ನಡೆಯುತ್ತಿದೆ. ಅವಳ ವಿಷಯ ಬರೆಯಲು ಕುಳಿತರೆ ನನಗೆ ಹಿಡಿತವೇ ಇರುವುದಿಲ್ಲ. ಕುರಿಮರಿಯ ಕಿವಿಗೆ ಬಾಯಿ ಹಚ್ಚಿ ಗುಟ್ಟು ಹೇಳುತ್ತಾಳೆ. ಸಜ್ಜಿರೊಟ್ಟಿಯನ್ನು ನಡುವಿನಿಂದ ತಿನ್ನಲು ಶುರು ಮಾಡಿ, ತೂತು ದೊಡ್ಡದಾದ ಮೇಲೆ ಬಳೆಯ ಹಾಗೆ ಕೈಗೆ ಹಾಕಿಕೊಳ್ಳುತ್ತಾಳೆ. ಮೊನ್ನೆ ಅವರೂರಿಗೆ ಹೋದಾಗ ನನ್ನ ಕನ್ನಡಕ ಹಾಕಿಕೊಂಡು, ಸೊಂಟದ ಮೇಲೆ ಕೈಯಿಟ್ಟು, ‘ಯಾರ ಅಲ್ಲಿ ಗದ್ಲಾ ಮಾಡಾಕತ್ತೀರಿ’ ಎಂದು ನನ್ನ ದನಿಯಲ್ಲೇ ಗದರಿದಳು. ನಾನು ನಕ್ಕೂ ನಕ್ಕೂ ಪಕ್ಕೆ ಹಿಡಿದುಕೊಂಡೆ. ಇಂಥ ಕೂಸನ್ನು ಕೊಟ್ಟ ದೇವರಿಗೆ ಏನು ಕೊಟ್ಟರೂ ಕಡಿಮೆಯೇ.

ನಾನು ಓದಿದ್ದು ಮೂರನೇ ಇಯತ್ತೆ. ಒತ್ತಕ್ಷರ ಬಂದರೆ ಈಗಲೂ ಕೈ ತಡೆಯುತ್ತದೆ. ಆದರೂ ಅವಳಿಗೆ ಓದು ಬರುವ ಹೊತ್ತಿಗೆ ಆಯಿ ಬರೆದದ್ದು ಒಂದಿಷ್ಟು ಇರಲಿ ಎಂದು ಒಂದು ನೋಟ್‌ಬುಕ್ ತರಿಸಿಕೊಂಡಿದ್ದೇನೆ. ಎಷ್ಟು ಸಲ ಕುಳಿತರೂ ಮೊದಲ ಪುಟಕ್ಕೇ ಒಂದು ತಗಡಿನ ಪೆಟ್ಟಿಗೆ ಅಡ್ಡ ಬರುತ್ತದೆ. ಅದನ್ನು ಇಳಿಸದೆ ಮುಂದಿನದು ಬರುವುದಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಹೇಳಿಬಿಡುತ್ತೇನೆ.

ನಮ್ಮ ಊರು ಕೊಂಕಲ್. ಮಗಳನ್ನು ಕೊಟ್ಟಿದ್ದು ಸುರಪುರದ ಆಚೆ ಬೋನಾಳದ ಕಡೆಗೆ, ಕುರಿ ಸಾಕುವವರ ಮನೆಗೆ. ನಾವೂ ಕುರಿಯವರೇ, ಆದರೆ ನಮ್ಮವು ಇಪ್ಪತ್ತು ಮೂವತ್ತು, ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುತ್ತವೆ. ಬೀಗರದು ದೊಡ್ಡ ಹಿಂಡು. ದೀಪಾವಳಿ ಮುಗಿಯಿತೆಂದರೆ ಹಿಂಡು ಹೊರಟುಬಿಡುತ್ತದೆ. ಇವತ್ತು ಒಬ್ಬರ ಹೊಲದಲ್ಲಿ ಗೊಬ್ಬರಕ್ಕೆ ನಿಲ್ಲಿಸಿದರೆ ನಾಳೆ ಇನ್ನೊಬ್ಬರದು. ಹೀಗೆ ಊರೂರು ತಿರುಗಿ, ಯುಗಾದಿ ಕಳೆದು, ಮಳೆ ಮೋಡ ಕಾಣುವ ಹೊತ್ತಿಗೆ ತಿರುಗಿ ಬರುವುದು. ಅಷ್ಟು ತಿಂಗಳೂ ಬಯಲಲ್ಲಿ ಗುಡಾರ ಹೊಡೆದುಕೊಂಡು ಇರಬೇಕು.

ಅಳಿಯ ಮದುವೆಗೆ ಮುಂಚೆ ಎರಡು ವರ್ಷ ಶಹಾಪುರದಲ್ಲಿ ವೆಲ್ಡಿಂಗ್ ಕೆಲಸ ಕಲಿತಿದ್ದರು. ನನ್ನ ಮಗಳಿಗೆ ನೀರು ನಿಂತಿದೆ ಎಂದು ಗೊತ್ತಾದ ದಿನವೇ ಒಂದು ಹಳೇ ಶಾಲೆಯ ವ್ಯಾನ್ ತಂದು ಮನೆ ಮುಂದೆ ನಿಲ್ಲಿಸಿದರಂತೆ. ಕೂಸನ್ನು ಗುಡಾರದಲ್ಲಿ ಇಡುವುದು ಬೇಡ, ಬಾಣಂತಿಯನ್ನು ಆರು ತಿಂಗಳು ಬಿಟ್ಟು ಹೋಗುವುದೂ ಬೇಡ, ಹಿಂಡಿನ ಹಿಂದೆ ಮನೆಯೇ ಬರಲಿ ಎಂಬುದು ಅವರ ಲೆಕ್ಕ. ಒಳಗಿನ ಸೀಟುಗಳನ್ನು ಕಿತ್ತು ಎರಡು ಮಂಚ ಕೂಡಿಸಿದರು. ಜೋಲಿ ಕಟ್ಟಲು ಮೇಲೆ ಕಬ್ಬಿಣದ ಕೊಂಡಿ ಹಾಕಿದರು. ಹೊರಗೆ, ವ್ಯಾನಿನ ಹೊಟ್ಟೆಗೆ ಹತ್ತಿಕೊಂಡು, ಆ ಕಡೆ ಮೂರು ಈ ಕಡೆ ಮೂರು ತಗಡಿನ ಪೆಟ್ಟಿಗೆ ಕೂಡಿಸಿದರು. ಒಂದರಲ್ಲಿ ಒಲೆ, ಪಾತ್ರೆ. ಇನ್ನೊಂದರಲ್ಲಿ ಕುರಿಗಳನ್ನು ಸುತ್ತುಗಟ್ಟಿ ತರುಬುವ ಬಲೆ, ಗೂಟ. ಗಾಳಿಗೆಂದು ತೂತು ಕೊರೆದ ಪೆಟ್ಟಿಗೆ ಈಗಷ್ಟೇ ಹುಟ್ಟಿದ, ನಡೆಯಲಾರದ ಮರಿಗಳಿಗೆ. ಬಾಗಿಲುಗಳು ಕೆಳಕ್ಕೆ ತೆರೆಯುತ್ತಿದ್ದವು. ಎರಡು ಸರಪಳಿಯ ಮೇಲೆ ಹಲಗೆಯಂತೆ ನಿಂತುಕೊಳ್ಳುತ್ತಿದ್ದವು. ಅದರ ಮೇಲೆ ರೊಟ್ಟಿ ಬಡಿಯಬಹುದಿತ್ತು.

ಇದೆಲ್ಲ ಅವರ ಅಪ್ಪನಿಗೆ, ಅಂದರೆ ನಮ್ಮ ಬೀಗರಿಗೆ, ಸ್ವಲ್ಪವೂ ಮನಸ್ಸಿಗೆ ಬಂದಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಅವರ ನಾಲಿಗೆಗೆ ಲಗಾಮಿಲ್ಲ. ಹೆಗಲ ಮೇಲಿನ ಕಂಬಳಿ ಕೆಳಗಿಳಿಸದೆ ಮಾತಾಡುವ ಮನುಷ್ಯ.

“ನಮ್ಮಪ್ಪ ಕತ್ತೆ ಬೆನ್ನ ಮ್ಯಾಲ ಮನಿ ಹೇರಿಕೊಂಡು ಅಡ್ಡಾಡಿದ. ನಾನೂ ಹಂಗ ಅಡ್ಡಾಡೀನಿ. ಇವ ನೋಡ್ರಿ, ತಗಡಿನ ಡಬ್ಬಿ ಮಾಡ್ಯಾನ. ಇದರಾಗ ನನ್ನ ಮೊಮ್ಮಗಳನ್ನ ಉಪ್ಪಿನಕಾಯಿ ಹಾಕತಾನಂತ.”

ಕೊನೆಗೆ ಅಪ್ಪ ಮಗನ ನಡುವೆ ಒಂದು ಮಾತಾಗಿತ್ತು. ಕೂಸಿಗೆ ಐದನೇ ತಿಂಗಳು ನಡೆಯುವಾಗ ನಮ್ಮಲ್ಲಿಂದ ತಾಯಿ ಮಗುವನ್ನು ಕರೆದೊಯ್ಯಬೇಕಲ್ಲ, ಅದೇ ಗಾಡಿಯಲ್ಲಿ ಕರೆದೊಯ್ಯುವುದು. ಬೀಗರೂ ಕೂಡಿ ಬಂದು ನೋಡುವುದು. ಗಾಡಿ ಸುಸೂತ್ರ ಬೋನಾಳ ಮುಟ್ಟಿದರೆ ಈ ವರ್ಷ ಮಗಳು, ಕೂಸು ಹಿಂಡಿನ ಸಂಗಡ ಹೋಗುವುದು. ಇಲ್ಲವಾದರೆ ಗಾಡಿ ಮೂಲೆಗೆ, ಅಳಿಯ ಒಬ್ಬರೇ ಹಿಂಡಿನ ಹಿಂದೆ. ನನ್ನ ಮಗಳು ಆ ಗಾಡಿ ಮನೆಯಾದ ಮೇಲೆ ಅದನ್ನು ಇನ್ನೂ ನೋಡಿಯೇ ಇರಲಿಲ್ಲ, ಆಗಲೇ ಅದರ ಕಿಟಕಿಗೆ ಪರದೆ ಹೊಲಿದಿಟ್ಟಿದ್ದಳು.

ಅವರು ಬಂದ ದಿನ ನಮ್ಮ ಓಣಿಗೆ ಓಣಿಯೇ ಗಾಡಿ ನೋಡಲು ನಿಂತಿತ್ತು. ಅಳಿಯ ನನಗೆ ಒಂದೊಂದು ಪೆಟ್ಟಿಗೆಯನ್ನೂ ತೆಗೆದು ತೋರಿಸಿದರು.

“ನೋಡ್ರಿ ಅತ್ತಿ, ಬಾಗಲಾ ಎತ್ತಿ ಮುಚ್ಚಬೇಕು. ಅಂಗೈಲೆ ಹಿಂಗ ಒತ್ತಬೇಕು. ಒಳಗ ರಬ್ಬರ್ ಐತಿ, ಬಿಗಿ ಕೂಡತದ, ಧೂಳಾ ಹೋಗಂಗಿಲ್ಲ. ಆದ್ರ ರಬ್ಬರಿನ ಮ್ಯಾಲ ಭರೋಸಾ ಇಡಬ್ಯಾಡ್ರಿ. ಹಿಡಿ ತಿರುವಿದ್ರ ಟಕ್ ಅಂತದ, ಆಮ್ಯಾಲ ಕೀಲಿ. ಕೀಲಿ ಹಾಕಿದ ಮ್ಯಾಗ ಒಮ್ಮಿ ಜಗ್ಗಿ ನೋಡಬೇಕು. ಜಗ್ಗದ ಬಿಟ್ರ ಹಾಕಿಲ್ಲ ಅಂತ ತಿಳೀರಿ.”

“ಕುರಿ ಕಾಯಾವ ಬ್ಯಾಂಕಿನ ತಿಜೋರಿ ಮಾಡ್ಯಾನ” ಎಂದರು ಬೀಗರು ಬಾಗಿಲಲ್ಲೇ ನಿಂತು.

ನಾನು ನಕ್ಕೆ. ಆದರೆ ಕೇಳಿಸಿಕೊಂಡಿದ್ದೆ. ಒಂದೊಂದು ಮಾತೂ ಕಿವಿಗೆ ಬಿದ್ದಿತ್ತು. ಕೇಳಿಸಲಿಲ್ಲ, ತಿಳಿಯಲಿಲ್ಲ ಎಂದು ನಾನು ಹೇಳುವ ಹಾಗಿಲ್ಲ.

ಮರುದಿನ ಹೊರಡುವ ಮುಂಚೆ ಐದು ಮಂದಿ ಮುತ್ತೈದೆಯರು ಮಗಳ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನಕೊಂಬು, ಕುಪ್ಪಸದ ಖಣ. ಚೊಚ್ಚಲ ಬಾಣಂತಿ ಎಂದು ಎಲ್ಲರೂ ಕೈ ಬಿಚ್ಚಿ ತುಂಬಿದ್ದರಿಂದ ಅದೊಂದು ದೊಡ್ಡ ಗಂಟೇ ಆಯಿತು. ಮಡಿಲಲ್ಲಿ ಕೂಸು ಇರುವಾಗ ಗಂಟು ಎಲ್ಲಿಟ್ಟುಕೊಳ್ಳುತ್ತಾಳೆ? ಅಳಿಯ ಅದನ್ನೂ, ನಾನು ಕೂಸಿಗೆ ಹೊಲಿದ ಕೌದಿಯನ್ನೂ ಬಲಗಡೆಯ ಹಿಂದಿನ ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿದರು. ಆ ಕೌದಿಗೆ ನನ್ನ ಮದುವೆಯ ಸೀರೆ, ಮಗಳ ಸಣ್ಣಂದಿನ ಲಂಗ ಎಲ್ಲ ಸೇರಿಸಿ ಎರಡು ತಿಂಗಳು ಸೂಜಿ ಹಿಡಿದಿದ್ದೆ.

ಕೀಲಿ ತಿರುಗಿದ ಸಪ್ಪಳಕ್ಕೆ ನನಗೆ ಅವ್ವ ನೆನಪಾದಳು.

ನಮ್ಮ ಅವ್ವ ಒಂದು ಪದ್ಧತಿ ನಡೆಸಿಕೊಂಡು ಬಂದಿದ್ದಳು. ಮಗಳ ಉಡಿ ತುಂಬಿದ ಮೇಲೆ ಊರ ಸೀಮೆ ದಾಟುವವರೆಗೆ ಆ ಉಡಿಗೆ ಕೀಲಿ ಬೀಳಬಾರದು. ಟ್ರಂಕಿನಲ್ಲಿ ಇಟ್ಟರೂ ಮುಚ್ಚಳ ಸುಮ್ಮನೆ ಮುಚ್ಚಬೇಕು. ಕೀಲಿ ಬಿದ್ದರೆ ಮಗಳಿಗೆ ತವರಿನ ದಾರಿ ಮುಚ್ಚಿದ ಹಾಗೆ. ನಾನು ಲಗ್ನವಾಗಿ ಬರುವಾಗ ಸೀಮೆಯ ಬೇವಿನಗಿಡದವರೆಗೆ ಅವ್ವ ಚಕ್ಕಡಿಯ ಹಿಂದೆ ನಡೆದು ಬಂದು, ಅಲ್ಲಿ ತಾನೇ ಟ್ರಂಕಿಗೆ ಕೀಲಿ ಹಾಕಿ, ಕೀಲಿಕೈ ನನ್ನ ಕೈಗೆ ಕೊಟ್ಟಿದ್ದಳು. ಚಕ್ಕಡಿಯಲ್ಲಿ ಅದು ನಡೆಯುತ್ತಿತ್ತು. ಚಕ್ಕಡಿ ನಡೆಯುವ ವೇಗಕ್ಕೆ ಟ್ರಂಕಿನ ಮುಚ್ಚಳ ಎಲ್ಲಿಗೆ ಹಾರುತ್ತದೆ?

ಇದನ್ನು ಅಳಿಯನಿಗೆ ನೇರವಾಗಿ ಹೇಳಬಹುದಿತ್ತು. ಬೀಗರು ಪಕ್ಕದಲ್ಲೇ ಇದ್ದರು. ಕೊಂಕಲ್ಲಿನವರದು ಹಳೇ ಕಾಲದ ಹುಚ್ಚು ಎಂದು ದಾರಿಯುದ್ದಕ್ಕೂ ಆಡಿಕೊಳ್ಳುತ್ತಾರೆಂದು ಬಾಯಿ ಬಿಡಲಿಲ್ಲ.

“ಅಳಿಯಂದ್ರ, ಕೀಲಿಕೈ ಕೊಡ್ರಿ ಇಲ್ಲಿ. ಕುಂಕುಮದ ಭರಣಿ ಇಡೋದು ಮರ್ತೀನಿ” ಎಂದೆ.

ಭರಣಿ ಆಗಲೇ ಗಂಟಿನೊಳಗೆ ಇತ್ತು. ಅದು ಮೊದಲ ಸುಳ್ಳು.

ಕೀಲಿ ತೆಗೆದೆ. ಟಕ್ ಎಂದು ಬಿದ್ದರೆ ಅದೂ ಕೀಲಿಯೇ ಎಂದು ಹಿಡಿಯನ್ನೂ ತಿರುವಿ ಸಡಿಲ ಮಾಡಿದೆ. ಬಾಗಿಲನ್ನು ಅಂಗೈಯಿಂದ ಒತ್ತಿದೆ, ರಬ್ಬರಿಗೆ ಅದು ಬಿಗಿಯಾಗಿಯೇ ಕೂತಿತು. ಇನ್ನೂ ಇರಲಿ ಎಂದು ಸಂದಿಯಲ್ಲಿ ಒಂದು ಅರಿವೆಯ ಚೂರು ಮಡಚಿ ತುರುಕಿದೆ. ಸೀಮೆಯಲ್ಲಿ ಕಾಯಿ ಒಡೆಯಲು ಗಾಡಿ ನಿಂತೇ ನಿಲ್ಲುತ್ತದೆ, ಆಗ ಇಳಿದು ಹಾಕಿಬಿಡುತ್ತೇನೆ ಎಂದುಕೊಂಡು ಕೀಲಿಕೈಯನ್ನು ಎಲೆ ಅಡಿಕೆಯ ಸಂಚಿಗೆ ಹಾಕಿಕೊಂಡೆ. ನಮ್ಮ ಮನೆಯವರು ಹತ್ತಿ ಬಿಡಿಸುವ ಕೆಲಸ ಬಿಟ್ಟು ಬರುವ ಹಾಗಿರಲಿಲ್ಲ. ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. ಕೂಸನ್ನು ಬಿಟ್ಟು ಬರಲು ನಾನು ಹೊರಟೆ.

ಕೊಂಕಲ್ಲಿನ ಸೀಮೆಯಲ್ಲೂ ಒಂದು ಬೇವಿನಗಿಡವಿದೆ, ಅದರ ಹತ್ತಿರ ಗಾಡಿ ನಿಂತಿತು. ಅಳಿಯ ಇಳಿದು ಕಾಯಿ ಒಡೆದರು. ನಾನೂ ಇಳಿಯಬೇಕೆಂದು ಕಾಲು ಕೆಳಗೆ ಚಾಚಿದ್ದೆ. ಕಾಯಿ ಫಟ್ ಎಂದದ್ದಕ್ಕೆ ತೊಡೆಯ ಮೇಲಿನ ಕೂಸು ಎಚ್ಚರಾಗಿ ಅಳುತ್ತದೆ ಎಂದುಕೊಂಡರೆ, ನನ್ನ ಮುಖ ನೋಡಿ ನಕ್ಕುಬಿಟ್ಟಿತು. ಅಲ್ಲಿಯವರೆಗೆ ಬರೀ ತುಟಿಯಲ್ಲಿ ನಗುತ್ತಿದ್ದ ಕೂಸು ಅವತ್ತು ದನಿ ತೆಗೆದು, ಕಿಲಕಿಲ ಎಂದು, ಮೈಯೆಲ್ಲ ಕುಣಿಸಿ ನಕ್ಕಿತು.

“ಯವ್ವ! ಯವ್ವ, ನಕ್ಕಳು ನೋಡ!” ಎಂದು ಮಗಳು ಕೂಗಿದಳು. ಬೀಗರು ಮುಂದಿನ ಸೀಟಿನಿಂದ ಹೊರಳಿ, “ಎಲ್ಲಿ, ಎಲ್ಲಿ, ಇನ್ನೊಮ್ಮಿ ನಗಸ್ರಿ” ಎಂದರು. ನಾನು ನಾಲಿಗೆ ಲೊಟ್ಟೆ ಹೊಡೆದು ಮತ್ತೆ ನಗಿಸಿದೆ. ಮತ್ತೆ, ಮತ್ತೆ. ನನಗೆ ಆ ಹೊತ್ತು ಬೇವಿನಗಿಡವೂ ಇಲ್ಲ, ಸೀಮೆಯೂ ಇಲ್ಲ, ಪೆಟ್ಟಿಗೆಯೂ ಇಲ್ಲ. ಅಳಿಯ ಹತ್ತಿ ಕೂತು ಗಾಡಿ ಬಿಟ್ಟರು. ಚಾಚಿದ್ದ ಕಾಲನ್ನು ನಾನು ಒಳಗೆ ಎಳೆದುಕೊಂಡೆ.

ಶಹಾಪುರದ ಗುಡ್ಡ ಬರುವವರೆಗೆ ಏನೂ ಆಗಲಿಲ್ಲ. ರಬ್ಬರ್ ಅಷ್ಟು ಬಿಗಿಯಾಗಿತ್ತು, ಅಳಿಯನ ಕೆಲಸ ಅಷ್ಟು ಚೊಕ್ಕವಾಗಿತ್ತು. ಊರು ದಾಟಿ ಸುರಪುರದ ಹಾದಿ ಹಿಡಿದ ಮೇಲೆ, ಎರಡೂ ಕಡೆ ಭತ್ತದ ಗದ್ದೆ ಇರುವ ಕಡೆ ಒಂದು ಹಂಪ್ ಬಂತು. ಗಾಡಿ ಎದ್ದು ಕೂತಿತು. ನನ್ನ ಕಾಲ ಕೆಳಗೇ ತಗಡು ಧಡಾರ್ ಎಂದಿತು. ಸರಪಳಿ ಬಡಿದುಕೊಳ್ಳುವ ಸಪ್ಪಳ, ಹಿಂದಿನಿಂದ ಯಾರೋ ಚೀರಿದ ಸಪ್ಪಳ.

ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದೆ. ನನ್ನ ಕೌದಿ ಗಾಳಿಗೆ ಬಿಚ್ಚಿಕೊಂಡು ಹಾರಿತ್ತು. ನಮ್ಮ ಹಿಂದೆ ಬರುತ್ತಿದ್ದ ಮೋಟಾರ್ ಸೈಕಲ್ಲಿನ ಮುಖಕ್ಕೇ ಹೋಗಿ ಬಡಿದಿತ್ತು. ಆ ಮೋಟಾರ್ ಸೈಕಲ್ ರಸ್ತೆ ಬಿಟ್ಟು ಜಾಲಿಕಂಟಿಯಲ್ಲಿ ಒರಗಿ ಬಿದ್ದಿತ್ತು. ಗಂಡ, ಹೆಂಡತಿ, ನಡುವೆ ಒಂದು ಕೂಸು. ನಮ್ಮ ಕೂಸಿಗಿಂತ ಒಂದು ವರ್ಷ ದೊಡ್ಡದಿರಬೇಕು.

ದೇವರು ದೊಡ್ಡವನು, ಕೂಸಿಗೆ ಏನೂ ಆಗಿರಲಿಲ್ಲ. ಗಂಡನ ಮೊಣಕೈಯ ಚರ್ಮ ಕಿತ್ತುಹೋಗಿತ್ತು. ಹೆಂಡತಿಯ ಸೀರೆ ಮುಳ್ಳಿಗೆ ಸಿಕ್ಕಿ ಹರಿದಿತ್ತು. ಆಕೆ ಕೂಸನ್ನು ಎದೆಗೆ ಅವುಚಿಕೊಂಡು ನಮ್ಮ ಗಾಡಿಯ ಹತ್ತಿರ ಬಂದಳು.

“ಯಾರ ನಡಸಾವ್ರು? ಸಾಮಾನ ಕಟ್ಟಾಕ ಬರಂಗಿಲ್ಲಂದ್ರ ರಸ್ತಾಕ್ಕ ಯಾಕ ಬರ್ತೀರಿ? ನಿಮ್ಮ ಮನ್ಯಾಗ ಕೂಸು ಇಲ್ಲೇನು? ಮಂದಿ ಕೂಸು ಕೂಸಲ್ಲೇನು?”

ಅಳಿಯ ಎರಡೂ ಕೈ ಜೋಡಿಸಿದರು. “ತಪ್ಪಾತ್ರಿ ಅಕ್ಕಾರ. ಆ ಬಾಗಲಾ ನಾನ ಮಾಡಿದ್ದು. ನಂದ ತಪ್ಪು. ಬರ್ರಿ, ಶಹಾಪುರಕ್ಕ ದವಾಖಾನಿಗೆ ಕರ್ಕೊಂಡು ಹೋಗತೀನಿ.”

“ನಿನ್ನ ಗಾಡ್ಯಾಗ? ಕೂಡಂಗಿಲ್ಲಪ್ಪ ನಾ” ಎಂದಳು ಆಕೆ.

ನಾನು ಗಾಡಿಯೊಳಗೆ ಕೂತಿದ್ದೆ. ತೊಡೆಯ ಮೇಲೆ ಮೊಮ್ಮಗಳು, ಸಂಚಿಯಲ್ಲಿ ಕೀಲಿಕೈ. ಇಳಿಯಲಿಲ್ಲ. ಕೂಸು ಇದೆಯಲ್ಲ, ಹೇಗೆ ಇಳಿಯಲಿ ಎಂದು ನನಗೆ ನಾನೇ ಹೇಳಿಕೊಂಡೆ. ಉಡಿಯ ಅಕ್ಕಿ ಟಾರಿನ ಮೇಲೆ ಹಂಪಿನಿಂದ ನಮ್ಮ ಗಾಡಿಯವರೆಗೆ ಬೆಳ್ಳಗೆ ಗೆರೆ ಎಳೆದಂತೆ ಬಿದ್ದಿತ್ತು. ಮಗಳು ಓಡಿ ಹೋಗಿ ಎರಡೂ ಕೈ ಅಡ್ಡ ಹಿಡಿದು, “ಉಡಿ ಅಕ್ಕೀರಿ, ತುಳೀಬ್ಯಾಡ್ರಿ, ತುಳೀಬ್ಯಾಡ್ರಿ” ಎಂದು ಅಳುತ್ತಿದ್ದಳು. ಅಷ್ಟರಲ್ಲೇ ಒಂದು ಲಾರಿ ಕೌದಿಯ ಮೇಲೆ ಹಾದುಹೋಯಿತು.

ಆ ಗಂಡ ಹೆಂಡತಿ ಮೋಟಾರ್ ಸೈಕಲ್ ಎತ್ತಿಕೊಂಡು ಹೋದ ಮೇಲೆ ಅಳಿಯ ನನ್ನ ಕಿಟಕಿಯ ಹತ್ತಿರ ಬಂದರು.

“ಅತ್ತಿ, ಭರಣಿ ಇಟ್ಟ ಮ್ಯಾಲ ಕೀಲಿ ಹಾಕಿದ್ರಿಲ್ಲ?”

“ಹಾಕೀನಲ್ಲ” ಎಂದೆ. ಅಷ್ಟಕ್ಕೇ ನಿಲ್ಲಲಿಲ್ಲ ನನ್ನ ನಾಲಿಗೆ. “ನೀವು ಹೇಳಿದಂಗ ಜಗ್ಗೂ ನೋಡೀನಿ.”

ಅಳಿಯ ತಲೆಯಾಡಿಸಿದರು. ಒಂದು ಗಳಿಗೆಯೂ ಸಂಶಯ ಪಡಲಿಲ್ಲ. ಅತ್ತೆ ಹೇಳಿದ್ದಾಳಲ್ಲ, ಮುಗಿಯಿತು. ತಿರುಗಿ ಹೋಗಿ ಚಿಲಕದ ಮುಂದೆ ಕುಕ್ಕರುಗಾಲಲ್ಲಿ ಕೂತು, ಅದರೊಳಗೆ ಬೆರಳಿಟ್ಟು ನೋಡಿದರು. ಬೀಗರು ಅವರ ತಲೆಯ ಮೇಲೆ ನಿಂತು ಒಂದೇ ಮಾತು ಹೇಳಿದರು.

“ನನ್ನ ಕತ್ತೆ ಬೆನ್ನ ಮ್ಯಾಗಿಂದ ಒಂದು ಗಿಂಡಿ ಸೈತ ಬಿದ್ದಿಲ್ಲೋ ತಮ್ಮ.”

ಬೋನಾಳಕ್ಕೆ ಹೋಗಿ ಮುಟ್ಟಿದೆವು. ನೆರೆಮನೆಯ ಹೆಂಗಸರು ಆರತಿ ಎತ್ತಿ ತಾಯಿ ಮಗುವನ್ನು ಒಳಗೆ ಕರೆದುಕೊಂಡರು. ಮೂರನೇ ದಿನ ಊಟ ಮುಗಿದ ಮೇಲೆ ಬೀಗರು ಕಟ್ಟೆಯ ಮೇಲೆ ಕೂತು ಎಲ್ಲರನ್ನೂ ಕರೆದರು.

“ಮಾತು ಮಾತ. ಡಬ್ಬಿ ಮೂಲಿಗೆ ಹೋಗ್ಲಿ. ಇವ ನನ್ನ ಸಂಗಡ ಹಿಂಡಿನ ಹಿಂದ ಬರ್ತಾನ. ಇಲ್ಲಿ ಮನ್ಯಾಗ ಹೆಣ್ಣಮಕ್ಕಳು ಯಾರೂ ಇಲ್ಲ, ಹಸಿ ಬಾಣಂತಿ ಒಬ್ಬಾಕಿ ಹ್ಯಾಂಗ ಇರ್ತಾಳ? ಬೀಗತೇರ, ತಕ್ಲೀಫ್ ಆಗತದ ಖರೇ, ಹಿಂಡು ತಿರುಗಿ ಬರೋ ತನಕ ತಾಯಿ ಮಗೂನ ನಿಮ್ಮಲ್ಲೇ ಇಟ್ಕೊಳ್ರಿ.”

ಮಗಳು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ಅಳಿಯ ನೆಲ ನೋಡುತ್ತ ಕೂತರು. ನಾನೇನು ಮಾಡಿದೆ? ಬರೆಯಲು ಕೈ ಬರುವುದಿಲ್ಲ. ನನಗೆ ಖುಷಿಯಾಯಿತು. ಬಿಟ್ಟು ಹೋಗಬೇಕಾಗಿದ್ದ ಕೂಸು ಮತ್ತೆ ಆರು ತಿಂಗಳು ನನ್ನ ತೊಡೆಯ ಮೇಲೆ! ಮುಖಕ್ಕೆ ದುಃಖ ತಂದುಕೊಂಡು, “ಆಗ್ಲಿ ಬಿಡ್ರಿ ಬೀಗ್ರ, ನಮಗೇನು ಅದು ಭಾರ ಏನ್ರಿ” ಎಂದೆ. ಒಳಗೆ ಮಾತ್ರ, ಹಂಪಿನ ಹತ್ತಿರ ಚೀರಿದ ಆ ಹೆಂಗಸು ನೆನಪಿಗೆ ಬಂದರೂ, ಕೂಸಿನ ಬಟ್ಟೆಗಳನ್ನು ಆಗಲೇ ಗಂಟು ಕಟ್ಟುತ್ತಿದ್ದೆ.

ಕೊಂಕಲ್‌ಗೆ ತಿರುಗಿ ಬಸ್ಸಿನಲ್ಲಿ ಬಂದೆವು. ಕೂಸು ಬೋರಲಾಯಿತು. ಅಂಬೆಗಾಲಿಗೆ ಮೊಣಕಾಲು ಊರತೊಡಗಿತು. ನನ್ನ ದನಿ ಕೇಳಿದರೆ ಸಾಕು ಮುಖ ತಿರುಗಿಸುತ್ತಿತ್ತು. ನಾನು ಓಣಿಯಲ್ಲಿ ಎಲ್ಲರಿಗೂ ಕರೆಕರೆದು ತೋರಿಸಿದೆ. ಕೌದಿಯನ್ನು ನಾಲ್ಕು ಸಲ ಒಗೆದೆ. ಲಾರಿಯ ಗಾಲಿಯ ಕರಿ ಗೆರೆ ಮಾತ್ರ ಹೋಗಲಿಲ್ಲ. ಆ ಗೆರೆಯ ಮೇಲೆಯೇ ಕೂಸು ಮಲಗುತ್ತಿತ್ತು. ನಾನು ಮಡಚಿ ಹಾಸುತ್ತಿದ್ದೆ, ಗೆರೆ ಕೆಳಗೆ ಹೋಗುವ ಹಾಗೆ.

ಮಗಳು ಫೋನಿನಲ್ಲಿ ಗಂಡನ ಸಂಗಡ ಮಾತಾಡುವುದು ನನ್ನ ಕಿವಿಗೆ ಬೀಳುತ್ತಿತ್ತು. ಮೊದಮೊದಲು ಅಳುತ್ತಿದ್ದಳು. ಬರಬರುತ್ತ ದನಿ ಬಿರುಸಾಯಿತು. “ಒಂದು ಚಿಲಕ ಬರೋಬ್ಬರಿ ಹಾಕಾಕ ಆಗ್ಲಿಲ್ಲ ನಿಮಗ. ಏನು ಕಲ್ತ್ರಿ ಶಹಾಪುರದಾಗ ಎರಡು ವರ್ಷ?” ಎಂದು ಒಂದು ದಿನ ಕೇಳಿದಳು. ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಬಡಿಯುವ ಸಪ್ಪಳ ಜೋರು ಮಾಡಿದೆ.

ಒಂದು ತಿಂಗಳಾದ ಮೇಲೆ ಅಳಿಯ ಬಂದರು. ಹಿಂಡು ಕೆಂಭಾವಿಯ ಕಡೆ ಒಂದು ಹೊಲದಲ್ಲಿತ್ತು, ಒಂದು ದಿನದ ಮಟ್ಟಿಗೆ ಕೂಸನ್ನು ನೋಡಿ ಹೋಗಲು ಬಂದಿದ್ದರು. ಬಿಸಿಲಿಗೆ ಸುಟ್ಟು ಕರ್ರಗಾಗಿದ್ದರು, ಗಡ್ಡ ಬಂದಿತ್ತು. ಕೈಕಾಲು ತೊಳೆದುಕೊಂಡು ಆಸೆಯಿಂದ ಕೂಸಿಗೆ ಕೈ ಚಾಚಿದರು.

ಕೂಸು ಅವರನ್ನು ನೋಡಿತು. ಕೆಳತುಟಿ ಹೊರಗೆ ಬಂತು. ಕಿಟಾರನೆ ಚೀರಿ ನನ್ನ ಕುತ್ತಿಗೆ ತಬ್ಬಿಕೊಂಡು ಮುಖ ಮುಚ್ಚಿಕೊಂಡಿತು.

“ನಾ ಯವ್ವ, ನಿಮ್ಮಪ್ಪ” ಎಂದರು ಅಳಿಯ. ಕೂಸು ಇನ್ನೂ ಬಿಗಿಯಾಗಿ ಹಿಡಿದುಕೊಂಡಿತು. ಅದರ ಉಗುರು ನನ್ನ ಕುತ್ತಿಗೆಗೆ ನಟ್ಟವು. ನೋಡಿ, ಆಗಲೂ ಮೊದಲು ಬಂದದ್ದು ಹೆಮ್ಮೆಯೇ. ಹೆತ್ತಪ್ಪನಿಗಿಂತ ನಾನು ಬೇಕು ಇದಕ್ಕೆ ಎಂದು. ಆಮೇಲೆ ಅಳಿಯನ ಮುಖ ಕಂಡಿತು. ಚಾಚಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ತಮ್ಮದೇ ಟವೆಲ್ಲಿಗೆ ಒರೆಸಿಕೊಳ್ಳುತ್ತಿದ್ದರು.

ಆ ಟವೆಲ್ಲಿನಲ್ಲೇ ಏನೋ ಸುತ್ತಿಕೊಂಡು ಬಂದಿದ್ದರು. ಬಿಚ್ಚಿ ನೆಲದ ಮೇಲಿಟ್ಟರು. ಪೆಟ್ಟಿಗೆಯ ಚಿಲಕ. ಅದೇ.

“ಹೊರಡೋಕಿಂತ ಮೊದಲ ಬಿಚ್ಚಿ ಇಟ್ಕೊಂಡಿದ್ದೆ ಅತ್ತಿ. ಕುರಿ ಮಲಗಿದಾಗೆಲ್ಲ ತೆಗದು ನೋಡತೀನಿ. ಮುರಿದಿಲ್ಲ. ಸವದಿಲ್ಲ. ಸ್ಪ್ರಿಂಗ್ ಬರೋಬ್ಬರಿ ಐತಿ. ನೀವು ಆ ಬಾಜೂಕ ಕೂತಿದ್ರಿ, ಮೊದಲ ಏನರ ಸಪ್ಪಳ ಬಂದಿತ್ತೇನ್ರಿ? ಕರಕರ ಅಂತೇನರ? ಎಲ್ಲಿ ತಪ್ಪಿದೆ ಅಂತ ಒಂದ ತಿಳಿದ್ರ ಸಾಕಾಗೇದ. ತಿಳೀವಲ್ದು. ಇನ್ನ ಮ್ಯಾಲ ಆ ಕೆಲಸಕ್ಕ ಕೈ ಹಚ್ಚಂಗಿಲ್ಲ ನಾ. ಗಾಡಿ ಗುಜರಿ ಮೋಡಕದವರಿಗೆ ಹಾಕಿಬಿಡತೀನಿ.”

ಕುತ್ತಿಗೆಯಲ್ಲಿ ಕೂಸು ಬಿಕ್ಕುತ್ತಿತ್ತು. ನಾನು ಅದನ್ನು ಬಿಡಿಸಿ ಮಗಳ ಕೈಗೆ ಕೊಟ್ಟೆ. ಕೂಸನ್ನು ಇಟ್ಟುಕೊಂಡು ಹೇಳುವುದು ನನ್ನಿಂದಾಗುತ್ತಿರಲಿಲ್ಲ.

“ಚಿಲಕದಾಗ ಏನೂ ಇಲ್ಲಪ್ಪ. ನಾ ಹಾಕಿರಲಿಲ್ಲ” ಎಂದೆ.

ಇಬ್ಬರೂ ನನ್ನನ್ನೇ ನೋಡಿದರು. ನಾನು ಗೋಡೆ ನೋಡುತ್ತ ಎಲ್ಲವನ್ನೂ ಹೇಳಿದೆ. ಭರಣಿ, ಅರಿವೆಯ ಚೂರು, ಬೇವಿನಗಿಡ, ಕೂಸು ನಕ್ಕದ್ದು. ಹಾಕೀನಿ ಎಂದದ್ದು. ಜಗ್ಗಿ ನೋಡೀನಿ ಎಂದದ್ದು.

ಅಳಿಯ ಚಿಲಕವನ್ನು ಮತ್ತೆ ಟವೆಲ್ಲಿನಲ್ಲಿ ಸುತ್ತಿದರು. ಎದ್ದು ಅಂಗಳಕ್ಕೆ ಹೋಗಿ ಹರವಿಯಿಂದ ಒಂದು ಚರಿಗೆ ನೀರು ಕುಡಿದು, ಇನ್ನೊಂದು ಚರಿಗೆ ತಲೆಗೆ ಸುರುವಿಕೊಂಡರು. ಒಳಗೆ ಬಂದಾಗ ಅಂದದ್ದು ಇಷ್ಟೇ.

“ಅವತ್ತ ಹೇಳಿದ್ರ ನಡೀತಿತ್ತಲ್ರಿ ಅತ್ತಿ.”

ಬೈದಿದ್ದರೆ ಚೆನ್ನಾಗಿತ್ತು. ಬೈದವಳು ಮಗಳು. “ನಾ ಒಂದು ತಿಂಗಳಿಂದ ಇವರಿಗೆ ಬಾಯಿಗೆ ಬಂದಂಗ ಹಂಗಸೀನಿ. ನೀ ಅಲ್ಲೇ ಕೂತು ಕೇಳೀದಿ. ಹೆಂಗ ಕೇಳ್ದಿ ಯವ್ವ? ರೊಟ್ಟಿ ಹೆಂಗ ಬಡದಿ?”

ಅಪ್ಪನಿಗೆ ನಾವೇ ಹೇಳಿಕೊಳ್ಳುತ್ತೇವೆ, ನೀವು ಬರುವುದು ಬೇಡ ಎಂದರು ಅಳಿಯ. ನಾನು ಕೇಳಲಿಲ್ಲ. ಮರುದಿನ ಅವರ ಸಂಗಡ ಕೆಂಭಾವಿಯ ಬಸ್ ಹತ್ತಿದೆ. ಮಗಳು ಕೂಸನ್ನು ಎತ್ತಿಕೊಂಡು ಬಂದಳು.

ಬಲೆಯೊಳಗೆ ಹಿಂಡನ್ನು ತರುಬಿದ್ದರು. ಬೀಗರೂ, ಜೊತೆಗೆ ಹಿಂಡು ಕಟ್ಟಿಕೊಂಡು ಬಂದಿದ್ದ ಇನ್ನೂ ಏಳೆಂಟು ಮಂದಿಯೂ ಗುಡಾರದ ನೆರಳಲ್ಲಿ ಕೂತಿದ್ದರು. ನಾನು ಬೀಗರನ್ನು ಆಚೆ ಕರೆದು ಹೇಳಿದೆ. ಅವರು ಕಂಬಳಿಯನ್ನು ಹೆಗಲಿನಿಂದ ತೆಗೆದು ನೆಲಕ್ಕಿಟ್ಟರು. ಅದನ್ನು ಕೆಳಗಿಟ್ಟದ್ದನ್ನು ನಾನು ನೋಡಿದ್ದೇ ಆಗ.

“ಬೀಗತೇರ, ಒಂದು ಕೇಳತೀನಿ. ಉಡಿ ಅಂದ್ರ ಎಲ್ಲಿರಬೇಕ್ರಿ? ಹೆಣ್ಣಮಗಳ ಉಡ್ಯಾಗ ಇರಬೇಕು. ಪೆಟ್ಟಿಗ್ಯಾಗ ಇಟ್ಟ ಮ್ಯಾಗ ಅದಕ್ಕ ಕೀಲಿ ಬಿದ್ರೇನು, ಬೀಳದಿದ್ರೇನು? ಕೂಸು ಹ್ಯಾಂಗೂ ನಿಮ್ಮ ತೊಡಿ ಮ್ಯಾಲ ಇತ್ತು, ಗಂಟು ಮಗಳ ಉಡ್ಯಾಗ ಇಟ್ಟಿದ್ರ ಮುಗೀತಿತ್ತು. ಎಂಥಾ ಪದ್ಧತಿ ಮಾಡೀರಿ!”

ನನಗೆ ಅದು ಹೊಳೆದೇ ಇರಲಿಲ್ಲ. ಅವ್ವನ ಪದ್ಧತಿ ಕಾಯುತ್ತೇನೆಂದು ಹೊರಟವಳಿಗೆ ಉಡಿ ಎಲ್ಲಿರಬೇಕೆಂಬುದೇ ಮರೆತಿತ್ತು.

“ತಪ್ಪಾತ್ರಿ” ಎಂದೆ.

“ನನಗ ಹೇಳಿದ್ರ ಆಗಲಿಲ್ಲ. ಇಲ್ಲಿ ಕೂತವರಿಗೆಲ್ಲ ನನ್ನ ಮಗನ ಕೆಲಸ ಹೊಟ್ಟು ಅಂತ ತಿಂಗಳಿಂದ ಸಾರೀನಿ. ಅವರು ದಿನಾ ಅವನ್ನ ನೋಡಿ ನಗತಾರ. ಈಗ ಅವರಿಗೆ ನೀವ ಹೇಳ್ರಿ.”

ಅಳಿಯ, “ಯಪ್ಪ, ಬಿಡು” ಎಂದರು. ಬೀಗರು ಬಿಡಲಿಲ್ಲ. ಬಿಡದಿದ್ದದ್ದೇ ಸರಿ ಎಂದು ಈಗ ನನಗೆ ಅನ್ನಿಸುತ್ತದೆ.

ಗುಡಾರದ ಮುಂದೆ ನಿಂತೆ. ಸೆರಗು ತಲೆಯ ಮೇಲೆ ಎಳೆದುಕೊಂಡೆ. ಮೂರನೇ ಇಯತ್ತೆಯಲ್ಲಿ ಮಗ್ಗಿ ತಪ್ಪಿದಾಗ ಹಲಗೆಯ ಮುಂದೆ ನಿಲ್ಲಿಸಿದ್ದರು, ಅದಾದ ಮೇಲೆ ಇಷ್ಟು ಮಂದಿ ಗಂಡಸರ ಮುಂದೆ ಒಬ್ಬಳೇ ನಿಂತದ್ದು ಇದೇ ಮೊದಲು. “ಪೆಟ್ಟಿಗಿ ಬಾಗಲಾ ತೆಗದದ್ದು ಅಳಿಯನ ತಪ್ಪಲ್ರಿ. ನಾ ಕೀಲಿ ಹಾಕಲಿಲ್ಲ. ಹಾಕೀನಿ ಅಂತ ಸುಳ್ಳು ಹೇಳಿದೆ” ಎಂದೆ. ದನಿ ಹೊರಗೆ ಬಂತೋ ಇಲ್ಲವೋ. ಕುರಿಗಳ ಗದ್ದಲದಲ್ಲಿ ಒಬ್ಬ ಮುದುಕನಿಗೆ ಕೇಳಿಸದೆ, “ಏನಂದ್ಳು?” ಎಂದ. ಮತ್ತೆ ಹೇಳಬೇಕಾಯಿತು. ಇನ್ನೂ ಗಟ್ಟಿಯಾಗಿ.

ಯಾರೋ ಕಿಸಕ್ಕೆಂದರು. “ಅಳಿಯನ ಮರ್ಯಾದಿ ರಸ್ತಾದಾಗ ಚೆಲ್ಲಿ, ಇಲ್ಲಿ ಬಂದು ಆರಸಾಕತ್ತಾಳ” ಎಂದರು ಇನ್ನೊಬ್ಬರು. ಅನ್ನಲಿ. ನಿಜವೇ ಅದು.

ಬೀಗರು ಕಂಬಳಿ ಮತ್ತೆ ಹೆಗಲಿಗೆ ಹಾಕಿಕೊಂಡು ಮಗನಿಗೆ, “ಹೋಗು. ಡಬ್ಬಿ ತಗೊಂಡು ಬಾ” ಎಂದರು.

ಆ ವರ್ಷ ಉಳಿದ ತಿಂಗಳೆಲ್ಲ ಮಗಳು, ಕೂಸು ಆ ಗಾಡಿಯಲ್ಲೇ ಹಿಂಡಿನ ಹಿಂದೆ ತಿರುಗಿದರು. ಎಂಟು ದಿನದಲ್ಲಿ ಕೂಸು ಅಪ್ಪನ ಗಡ್ಡ ಜಗ್ಗುವಷ್ಟು ಹೊಂದಿಕೊಂಡಿತಂತೆ. ಫೋನಿನಲ್ಲಿ ಅದರ ನಗು ಕೇಳಿ ನಾನು ಒಬ್ಬಳೇ ಕೂತು ಅತ್ತೆ. ಮನೆ ಭಣಗುಟ್ಟುತ್ತಿತ್ತು, ಆದರೂ ಅವತ್ತು ರೊಟ್ಟಿ ರುಚಿಸಿತು.

ಈಗ ವರ್ಷಕ್ಕೊಂದು ಸಲ, ಹಿಂಡು ಹೊರಡುವ ದಿನ, ನಾನು ಬೋನಾಳಕ್ಕೆ ಹೋಗುತ್ತೇನೆ. ಆರು ಪೆಟ್ಟಿಗೆಯ ಕೀಲಿಗೊಂಚಲನ್ನು ಅಳಿಯ ನನ್ನ ಕೈಗೇ ಕೊಡುತ್ತಾರೆ. ಮೊದಲ ವರ್ಷ ಬೇಡ ಎಂದು ಹಿಂದೆ ಸರಿದಿದ್ದೆ. “ನೀವ ಹಾಕ್ರಿ ಅತ್ತಿ” ಎಂದರು, ಅಷ್ಟೇ. ಬೀಗರು ಮಾತ್ರ ಪ್ರತಿ ವರ್ಷ, “ಭರಣಿ ಇಡೋದು ಏನರ ಉಳದೈತೇನ್ರಿ ಬೀಗತೇರ?” ಎಂದು ಕೇಳದೆ ಬಿಡುವುದಿಲ್ಲ. ಸುತ್ತ ನಿಂತವರು ನಗುತ್ತಾರೆ. ನನ್ನ ಕಿವಿ ಬಿಸಿಯಾಗುತ್ತದೆ.

ಬೋನಾಳಕ್ಕೆ ಹೋಗುವ ಬರುವ ಬಸ್ಸು ಆ ಹಂಪ್ ದಾಟುವಾಗ ನಾನು ಜಾಲಿಕಂಟಿಯ ಕಡೆ ನೋಡುತ್ತೇನೆ. ಆ ಗಂಡ ಹೆಂಡತಿ ಯಾವ ಊರಿನವರೋ ಗೊತ್ತಿಲ್ಲ. ಅವರ ಕೂಸು ಈಗ ಶಾಲೆಗೆ ಹೋಗುತ್ತಿರಬೇಕು. ನಿನ್ನ ಮುಂದೆ ಕೈ ಜೋಡಿಸಿದವನದು ಏನೂ ತಪ್ಪಿರಲಿಲ್ಲವ್ವ, ತಪ್ಪಿನವಳು ಕಿಟಕಿಯೊಳಗೆ ಕೂತಿದ್ದಳು ಎಂದು ಆಕೆಗೆ ಹೇಳುವುದು ಉಳಿದೇ ಹೋಯಿತು. ಎಲ್ಲರಿಗೂ ಹೇಳಿದೆ, ಆಕೆಗೊಬ್ಬಳಿಗೆ ಆಗಲಿಲ್ಲ.

ಈ ಸಲ ಹೊರಡುವ ದಿನ ಮೊಮ್ಮಗಳು ನನ್ನ ಸೀರೆಯ ಚುಂಗು ಹಿಡಿದುಕೊಂಡು ಪೆಟ್ಟಿಗೆಯಿಂದ ಪೆಟ್ಟಿಗೆಗೆ ನನ್ನ ಹಿಂದೆಯೇ ಬಂದಳು. ಬಾಗಿಲು ಎತ್ತಿ ಒತ್ತಿದೆ, ಹಿಡಿ ತಿರುವಿದೆ, ಕೀಲಿ ಹಾಕಿದೆ. ಬಲಗಡೆಯ ಹಿಂದಿನ ಪೆಟ್ಟಿಗೆಯ ಹತ್ತಿರ ನಿಂತಾಗ ಅವರಪ್ಪನಿಂದ ಕಲಿತ ಮಾತನ್ನು ಅವಳು ಎಲ್ಲರ ಮುಂದೆ ಗಟ್ಟಿಯಾಗಿ ಕೇಳಿದಳು.

“ಆಯಿ, ಜಗ್ಗಿ ನೋಡೀದಿ?”

ಅವಳಿಗೆ ಏನೂ ಗೊತ್ತಿಲ್ಲ. ನಾನು ಆ ಹಿಡಿಯನ್ನು ಅವಳ ಕಣ್ಣ ಮುಂದೆಯೇ ಎರಡು ಸಲ ಜಗ್ಗಿದೆ. ಆಮೇಲೆ ಅವಳನ್ನು ಎತ್ತಿ ಹಿಡಿದೆ, ಅವಳೂ ತನ್ನ ಎರಡೂ ಕೈಯಿಂದ ಜಗ್ಗಿ ನೋಡಿದಳು.